ಅಡುಗೆಮನೆಯ ಬೋರ್ಡು

ಅಕ್ಟೋಬರ್ 30, 2006. ಸೋಮವಾರ

ಒಂಬತ್ತನೇ ಕ್ಲಾಸಿನ ಪೇಪರ್ ಇನ್ನೂ ಅರ್ಧ ಕಟ್ಟು ಬಾಕಿ. ಅಶೋಕ ರಸ್ತೆಯ ಎರಡೂ ಬದಿಗೆ ಸಿಲ್ವರ್ ಓಕ್ ನೆಡಿಸಿದ ಅಂತ ಒಬ್ಬ ಬರೆದಿದ್ದಾನೆ. ಎಸ್ಟೇಟ್ ಲೈನಿನ ಹುಡುಗನೇ ಇರಬೇಕು. ನಗಿಸಿದ್ದಕ್ಕೆ ಅರ್ಧ ಮಾರ್ಕು ಕೊಟ್ಟೆ.

ಮಧ್ಯಾಹ್ನ ನಿಖಿತಾ ಸ್ಕೂಲಿಗೇ ಬಂದಳು. ಓಂಕಾರಪ್ಪ ಹೆಡ್‌ಮಾಸ್ಟ್ರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಡಲು ಎದ್ದರು. ನೇರಳಕಟ್ಟೆ ಎಸ್ಟೇಟಿನ ಮಗಳಲ್ಲವೇ. ನನಗೆ ಮಾತ್ರ ಅವಳು ಬರೀ ನಿಖಿ. ಐದನೇ ಕ್ಲಾಸಿನಿಂದ ಒಂದೇ ಬೆಂಚು. ಅವಳ ಡಬ್ಬಿಯ ಚಪಾತಿ ನನಗೆ, ನನ್ನ ಡಬ್ಬಿಯ ಅಕ್ಕಿರೊಟ್ಟಿ ಅವಳಿಗೆ. ಎರಡೂ ಬೆಂದದ್ದು ಅವ್ವ ಒಟ್ಟಿದ ಸೌದೆಯಲ್ಲೇ. ಅವರ ಬಂಗಲೆಯ ಅಡುಗೆಮನೆಯಲ್ಲಿ ಅವ್ವ ಮೂವತ್ತು ವರ್ಷದ ಹತ್ತಿರ ದುಡಿದಳು. ಈಗ ಮೊಣಕಾಲು ಸರಿಯಿಲ್ಲ ಅಂತ ಮನೆಯಲ್ಲಿದ್ದಾಳೆ. ಮನೆ ಅಂದರೆ ಎಸ್ಟೇಟಿನ ಲೈನು, ಕೂಲಿಯವರ ಸಾಲುಮನೆ. ಎಷ್ಟು ಕರೆದರೂ ಪೇಟೆಗೆ, ನನ್ನ ಬಾಡಿಗೆ ಮನೆಗೆ ಬರುವುದಿಲ್ಲ. ತಮ್ಮ ಧರ್ಮೇಶನ ಜೊತೆ ಅಲ್ಲೇ ಇರುತ್ತಾಳೆ.

ನಿಖಿ ಬಂದ ವಿಷಯ — ಸುವರ್ಣ ಕರ್ನಾಟಕದ ಲೆಕ್ಕದಲ್ಲಿ ಪೇಟೆಯವರು ಒಂದು ಕಮಿಟಿ ಮಾಡಿದ್ದಾರಂತೆ. ನವೆಂಬರ್ ಕೊನೆಯ ಭಾನುವಾರ ಊರಿನ ಹಳೆ ಕಟ್ಟಡಗಳನ್ನೆಲ್ಲ ಜನರಿಗೆ ತೆರೆದಿಡುವುದು. ಪ್ರವಾಸಿ ಮಂದಿರ, ಹಳೇ ಅಂಚೆ ಕಚೇರಿ, ಕಾಫಿ ಗೋದಾಮು, ಕೊನೆಗೆ ಅವರ ಬಂಗಲೆ. ಯಾರು ಬೇಕಾದರೂ ಒಳಗೆ ಬಂದು ನೋಡಬಹುದು. ಒಂದೊಂದು ಕೋಣೆಗೂ ಕನ್ನಡದಲ್ಲಿ ಬೋರ್ಡು ಬೇಕು. ಬರೆಯುವವಳು ನಾನೇ ಆಗಬೇಕು.

ಯೋಚನೆ ಮಾಡಿ ಹೇಳ್ತೀನಿ ಅಂದೆ. ಯೋಚನೆ ಮಾಡುವುದಕ್ಕೇನಿತ್ತು, ಆಗಲೇ ಖುಷಿಯಾಗಿತ್ತು. ಸ್ವಲ್ಪ ಬಿಗುಮಾನ ಇರಲಿ ಅಂತ.

ನವೆಂಬರ್ 5, ಭಾನುವಾರ

ಇಡೀ ದಿನ ನಿಖಿಯ ಜೊತೆ ಕಟ್ಟಡ ಸುತ್ತಿದೆ. ಚಪ್ಪಲಿ ತುಂಬ ಬಾವಲಿ ಹಿಕ್ಕೆ.

ಪ್ರವಾಸಿ ಮಂದಿರದ ಹಿಂದೆ ಕುದುರೆ ಲಾಯ ಇದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಈಗ ಅಲ್ಲಿ ಎಲೆಕ್ಷನ್ನಿನ ಹಳೇ ಪೆಟ್ಟಿಗೆಗಳಿವೆ. ಹಾಲಿನ ತೊಲೆಯಲ್ಲಿ ಹಗ್ಗ ಎಳೆದು ಬೀಸುವ ಹಳೇ ಪಂಖದ ಬಳೆಗಳು ಹಾಗೇ ಉಳಿದಿವೆ. ಅಂಚೆ ಕಚೇರಿಯ ಕಿಟಕಿಯ ಕಲ್ಲು ಜನರ ಮೊಣಕೈ ಊರಿ ಊರಿ ನುಣ್ಣಗಾಗಿದೆ. ನಾನೂ ಊರಿ ನೋಡಿದೆ. ನನ್ನ ಎತ್ತರಕ್ಕೆ ಸರಿಯಾಗಿಲ್ಲ, ಆಗಿನವರು ಎತ್ತರದವರು ಇರಬೇಕು... ಅಥವಾ ಹೆಂಗಸರು ಯಾರೂ ಅಲ್ಲಿಗೆ ಬರುತ್ತಿರಲಿಲ್ಲವೋ.

ಕೊನೆಗೆ ಬಂಗಲೆ. ಅಲ್ಲಿಗೆ ನಾನು ಮೊದಲೆಲ್ಲ ಹೋಗುತ್ತಿದ್ದದ್ದು ಹಿಂದಿನಿಂದ. ಲೈನಿನವರ ದಾರಿಯೇ ಬೇರೆ — ಸೌದೆ ಕೊಟ್ಟಿಗೆ ಬಳಸಿಕೊಂಡು, ಬಚ್ಚಲಿನ ಪಕ್ಕದಿಂದ, ಅಡುಗೆಮನೆಯ ಜಗಲಿಗೆ. ಹೀಗೆ ಅಂತ ಯಾರೂ ಹೇಳಿಕೊಟ್ಟಿದ್ದಲ್ಲ, ಕಾಲಿಗೇ ಗೊತ್ತಿತ್ತು. ಬಿ.ಎಡ್. ಆಗಿ ಕೆಲಸ ಸಿಕ್ಕ ಮೇಲೆ ನಿಖಿಯ ಅಮ್ಮ ತುಂಗಮ್ಮನವರು ಒಂದು ದಿನ ಮುಂದಿನ ಜಗಲಿಯಿಂದಲೇ ಕರೆದರು, 'ಸುಕನ್ಯಾ, ಇಲ್ಲೇ ಬಾರಮ್ಮ' ಅಂತ. ಅವತ್ತಿನಿಂದ ನನಗೆ ಮುಂಬಾಗಿಲು. ಅವ್ವನಿಗೆ ಅದಿಲ್ಲ. ದೀಪಾವಳಿಗೆ ಸೀರೆ ಕೊಡುವಾಗಲೂ ಲೈನಿನವರೆಲ್ಲ ಮೆಟ್ಟಿಲ ಕೆಳಗೆ ನಿಂತು ಸೆರಗೊಡ್ಡಬೇಕು. ಅವ್ವ ಆ ಮನೆಯ ಉಪ್ಪಿನಕಾಯಿ ಭರಣಿ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾಳೆ. ಹಾಲಿನ ನೆಲ ಯಾವ ಬಣ್ಣ ಅಂದರೆ ಗೊತ್ತಿಲ್ಲ.

ಅಡುಗೆಮನೆಯ ಹೊರಗೋಡೆಯ ಗೂಡಿನಲ್ಲಿ ಲೈನಿನವರ ಕಾಫಿ ಲೋಟಗಳು ಇನ್ನೂ ಬೋರಲಾಗಿ ಕೂತಿವೆ. ಕುಡಿದು, ತಾವೇ ತೊಳೆದು, ಅಲ್ಲೇ ಬೋರಲು ಹಾಕಬೇಕು. ನಿಖಿ ಮುಜುಗರದಿಂದ ಇದನ್ನ ತೆಗೆಸ್ತೀನಿ ಮಾರಾಯ್ತಿ ಅಂದಳು. ತೆಗೀಬೇಡ, ಇರಲಿ, ನಾನು ಬರೀತೀನಿ ಅಂದೆ. ಅಲ್ಲೇ ನನ್ನ ಷರತ್ತನ್ನೂ ಹೇಳಿದೆ. ಎರಡು. ಅಡುಗೆಮನೆಯ ಬೋರ್ಡಿನಲ್ಲಿ ಅವ್ವನ ಹೆಸರು ಇರಬೇಕು. ಅವತ್ತು ಅವ್ವ ಮುಂಬಾಗಿಲಿಂದ ಒಳಗೆ ಬರಬೇಕು, ನೆಂಟರ ಹಾಗೆ, ಹಾಲಿನಲ್ಲಿ ದೀಪ ಹಚ್ಚಬೇಕು.

ನಿಖಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕೈ ಹಿಡಿದುಕೊಂಡಳು. "ಅದೆಂತ ದೊಡ್ಡ ವಿಷಯ ಮಾರಾಯ್ತಿ. ಭಾಗಮ್ಮನ ಕೈಯಲ್ಲೇ ಹಚ್ಚಿಸ್ತೀನಿ. ಮಾತು ಕೊಟ್ಟೆ."

ಬರುವಾಗ ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಎಲ್ಲ ಒಳ್ಳೆಯದೇ ಆಗುತ್ತಿದೆ.

ನವೆಂಬರ್ 8, ಬುಧವಾರ

ಅಡುಗೆಮನೆಯ ಬೋರ್ಡು ಮೂರು ಸಲ ಹರಿದೆ. ಬೇರೆಯವೆಲ್ಲ ಒಂದೇ ಸಲಕ್ಕೆ ಬಂದವು.

ಕೊನೆಗೆ ಉಳಿದದ್ದು — 'ಅಡುಗೆಮನೆ. ಈ ಒಲೆಯನ್ನು ದಿನವೂ ನಸುಕಿಗೇ ಹೊತ್ತಿಸಿ, ಈ ಕಲ್ಲಿನಲ್ಲಿ ರುಬ್ಬಿ, ಮೂರು ತಲೆಮಾರಿಗೆ ಬಡಿಸಲು ಅಣಿಮಾಡಿದವರು ಭಾಗಮ್ಮ, ನಿಂಗಯ್ಯನವರ ಪತ್ನಿ. ಈ ಮನೆಯ ಚರಿತ್ರೆಯಲ್ಲಿ ಅವರ ಹೆಸರನ್ನು ಮೊದಲ ಬಾರಿಗೆ ಇಲ್ಲಿ ಬರೆಯಲಾಗಿದೆ.'

ಕೊನೆಯ ವಾಕ್ಯ ಸ್ವಲ್ಪ ಜಾಸ್ತಿಯಾಯಿತೇನೋ. ಇರಲಿ. ಅಪ್ಪನ ಹೆಸರೂ ಸೇರಿಸಿದೆ. ಬದುಕಿದ್ದರೆ ಇಡೀ ಲೈನಿಗೆ ಹೇಳಿಕೊಂಡು ಬರುತ್ತಿದ್ದ.

ನವೆಂಬರ್ 11, ಶನಿವಾರ

ಮೂಡಿಗೆರೆಗೆ ಹೋಗಿ ಅವ್ವನಿಗೆ ಸೀರೆ ತಂದೆ. ಅರಿಶಿನ ಬಣ್ಣ, ಹಸಿರು ಅಂಚು. ಅಲ್ಲಿಂದ ನೇರ ಲೈನಿಗೆ. ಅವ್ವ ಸೀರೆಯನ್ನು ಮಡಿಲ ಮೇಲೆ ಇಟ್ಟುಕೊಂಡು ಅಂಚನ್ನು ಸವರುತ್ತ ಕೂತಳು. ಇಷ್ಟು ಚಂದದ್ದು ಎಂತಕ್ಕೆ, ನಂಗೆ ಒಗ್ಗದಿಲ್ಲ ಅಂದಳು. ಒಗ್ಗುತ್ತೆ ಅಂದೆ. ಇಪ್ಪತ್ತಾರಕ್ಕೆ ಇದನ್ನೇ ಉಡಬೇಕು, ಮುಂದಿನ ಮೆಟ್ಟಿಲು ಹತ್ತಬೇಕು, ದೀಪ ಹೇಗೆ ಹಚ್ಚಬೇಕು, ಯಾವ ಕೈಯಲ್ಲಿ ಮೇಣದ ಬತ್ತಿ ಹಿಡಿಯಬೇಕು — ಎಲ್ಲ ವಿವರಿಸಿದೆ. ಕ್ಲಾಸಿನಲ್ಲಿ ಹೇಳುವ ಹಾಗೆ ಎರಡು ಸಲ ಹೇಳಿದೆ.

ಅವ್ವ 'ಆಯ್ತು ಬಿಡು' ಅಂದು ಸೌದೆ ತರಲು ಎದ್ದಳು. ಧರ್ಮೇಶ ಬಾಗಿಲಲ್ಲಿ ಕೂತು ಮೊಬೈಲ್ ಒತ್ತುತ್ತಿದ್ದ. ತಲೆ ಎತ್ತಲಿಲ್ಲ. ಅವನಿಗೆ ಹೊಸದಾಗಿ ನಿಖಿಯ ಹೋಂಸ್ಟೇಯಲ್ಲಿ ಜೀಪು ಓಡಿಸುವ ಕೆಲಸ ಸಿಕ್ಕಿದೆ, ಅದರ ಗತ್ತು.

ಅವ್ವನಿಗೆ ಸಂಕೋಚ ಪಾಪ. ಆ ಮೆಟ್ಟಿಲು ಹತ್ತಿದ ಮೇಲೆ ಹೋಗುತ್ತೆ.

ನವೆಂಬರ್ 19, ಭಾನುವಾರ

ಬೋರ್ಡುಗಳು ಪೇಂಟರ್ ಹತ್ತಿರ ತಯಾರಾಗಿವೆ. 'ಚರಿತ್ರೆ'ಗೆ ಒತ್ತಕ್ಷರ ಬಿಟ್ಟಿದ್ದ, ನಿಂತು ಸರಿ ಮಾಡಿಸಿದೆ.

ಆಹ್ವಾನ ಪತ್ರಿಕೆ ಬಂತು. 'ದೀಪ ಬೆಳಗಿಸುವವರು: ಗಣ್ಯರು'. ಫೋನ್ ಮಾಡಿ ಕೇಳಿದೆ, ಇದೆಂತ ನಿಖಿ, ಹೆಸರಿಲ್ಲ? ಕಮಿಟಿಯಲ್ಲಿ ಇನ್ನೂ ಇಬ್ಬರ ಹೆಸರು ಹಾಕಬೇಕು ಅಂತ ಜಗಳವಂತೆ. ಯಾರದೂ ಬೇಡ ಅಂತ ಹೀಗೆ ಮಾಡಿದರಂತೆ. ನಿನ್ನ ಗಣ್ಯರು ಯಾರು ಅಂತ ನಿನಗೆ ಗೊತ್ತಲ್ಲ ಅಂತ ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಸ್ವಲ್ಪ ಕಸಿವಿಸಿ. ಮೂಗಿಗೆ ತುಪ್ಪ ಸವರುತ್ತಿದ್ದಾಳಾ? ಛೆ. ನಿಖಿ ಅಂಥವಳಲ್ಲ.

ನವೆಂಬರ್ 25, ಶನಿವಾರ

ನಾಳೆ. ಧರ್ಮೇಶನಿಗೆ ಫೋನ್ ಮಾಡಿ ಹೇಳಿದೆ, ಹನ್ನೊಂದಕ್ಕೆ ಅವ್ವನನ್ನು ಮುಂದಿನ ಅಂಗಳಕ್ಕೆ ಕರೆದುಕೊಂಡು ಬಾ, ನಾನು ಬರುವತನಕ ಅಲ್ಲೇ ನಿಂತಿರಿ. ಹೂಂ ಅಂದ. ಸೀರೆಗೆ ಫಾಲ್ ಹಾಕಿಸಿದೆಯಾ ಅಂದೆ. ಹೂಂ ಅಂದ. ಇನ್ನೇನೋ ಹೇಳುವವನ ಹಾಗೆ 'ಅಕ್ಕ' ಅಂದ. ಎಂತ ಅಂದರೆ, ಎಂತ ಇಲ್ಲ.

ನವೆಂಬರ್ 26. ಬೆಳಿಗ್ಗೆ

ಮಂಜು ಹೊತ್ತಿಗೆ ಮುಂಚೆಯೇ ಸರಿದಿದೆ. ಕಟ್ಟಡ ತೋರಿಸಲು ಕರೆದೊಯ್ಯುವ ನಮ್ಮ ಸ್ಕೂಲಿನ ಮಕ್ಕಳು ಆಗಲೇ ಬಸ್ ಸ್ಟ್ಯಾಂಡಿನಲ್ಲಿ ಗಲಾಟೆ. ಹೊರಟೆ.

ನವೆಂಬರ್ 26. ಸಂಜೆ

ಬರೆಯಲೇಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತೆ. ಕ್ರಮವಾಗಿ ಬರೆಯುತ್ತೇನೆ.

ಮೊದಲು ಪ್ರವಾಸಿ ಮಂದಿರ. ನಲವತ್ತು ಮಕ್ಕಳು, ಹೊರಗಿನ ಜನವೂ ಬಂದಿದ್ದರು, ಚಿಕ್ಕಮಗಳೂರಿಂದ ಒಂದು ಮಿನಿ ಬಸ್ಸು. ಪಂಖದ ಬಳೆ ತೋರಿಸಿ ಹೇಳಿದೆ — ಒಬ್ಬ ಮನುಷ್ಯ ಹೊರಗಿನ ಜಗಲಿಯಲ್ಲಿ ಕೂತು ಹಗ್ಗವನ್ನು ಎಳೆಯುತ್ತಿದ್ದ, ಕೈ ಸೋತರೆ ಕಾಲ್ಬೆರಳಿಗೆ ಕಟ್ಟಿಕೊಂಡು ಎಳೆಯುತ್ತಿದ್ದ, ಒಳಗೆ ಸಾಹೇಬ ಮಲಗುತ್ತಿದ್ದ. ಒಬ್ಬಳು ಹುಡುಗಿ ಅವನ ಹೆಸರೇನು ಮಿಸ್ ಅಂದಳು. ಯಾರೂ ಬರೆದಿಟ್ಟಿಲ್ಲಮ್ಮ ಅಂದೆ. ಹೇಳುವಾಗ ಒಳಗೊಳಗೇ ಖುಷಿ. ತಡಿ, ಹನ್ನೊಂದು ಗಂಟೆಗೆ ಒಂದು ಹೆಸರು ತೋರಿಸ್ತೀನಿ ಅಂತ.

ಅಂಚೆ ಕಚೇರಿಯಲ್ಲಿ ಮಕ್ಕಳು ಸಾಲಾಗಿ ಬಂದು ಆ ನುಣುಪು ಕಲ್ಲಿನ ಮೇಲೆ ಮೊಣಕೈ ಊರಿದರು. ಗೋದಾಮಿನಲ್ಲಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ವಾಸನೆ, ನೂರು ವರ್ಷದ ನೆಲದ ಹಲಗೆ. ಅಲ್ಲೇ ಇನ್ನೂ ಅರ್ಧ ದಿನ ಇರಬಹುದಿತ್ತು, ನಾನೇ ಅವಸರ ಮಾಡಿದೆ.

ಬಂಗಲೆಯ ಅಂಗಳಕ್ಕೆ ಬಂದಾಗ ಅವ್ವ ಇರಲಿಲ್ಲ. ಧರ್ಮೇಶ ಜೀಪುಗಳಿಗೆ ಜಾಗ ತೋರಿಸುತ್ತಿದ್ದ. ನನ್ನ ಕಂಡವನೇ ಇನ್ನೊಂದು ಜೀಪಿನ ಹಿಂದೆ ಹೋದ. ಮುಂಬಾಗಿಲು ಹಾರು ಹೊಡೆದಿತ್ತು. ಹಾಲಿನಲ್ಲಿ ದೀಪ ಆಗಲೇ ಉರಿಯುತ್ತಿತ್ತು. ಯಾರೋ ಆಫೀಸರ ಹೆಂಡತಿ ಹಚ್ಚಿ, ಫೋಟೋ ತೆಗೆಸಿಕೊಂಡು, ಕಾಫಿ ಕುಡಿಯುತ್ತಿದ್ದರು. ನಿಖಿ ರೇಷ್ಮೆ ಸೀರೆಯಲ್ಲಿ ಜನರ ಮಧ್ಯೆ. ಅವ್ವ ಎಲ್ಲಿ ಅಂದೆ. ಒಳಗೇ ಇದ್ದಾರೆ ಮಾರಾಯ್ತಿ, ನೀನು ಮಕ್ಕಳನ್ನ ಕರ್ಕೊಂಡು ಬಾ, ಆಮೇಲೆ ಮಾತಾಡೋಣ ಅಂದಳು. 'ಇದ್ದಾರೆ' ಅಂದಳು. ಹುಟ್ಟಿದಾಗಿನಿಂದ ಭಾಗಮ್ಮ ಬಾ, ಭಾಗಮ್ಮ ಹೋಗು ಅಂತಿದ್ದವಳು. ಆ ಮರ್ಯಾದೆ ಕೇಳಿ ನನಗೆ ಸಮಾಧಾನವೇ ಆಯಿತು, ಪೆದ್ದಿ ನಾನು.

ಹಾಲಿನ ಕುರ್ಚಿಗಳನ್ನೆಲ್ಲ ನೋಡಿದೆ. ಅರಿಶಿನ ಸೀರೆ ಇಲ್ಲ. ಊಟದ ಮನೆ, ಕೋವಿಗಳ ಕೋಣೆ, ದೊಡ್ಡಜ್ಜನ ಆಫೀಸು. ಮಕ್ಕಳಿಗೆ ನನ್ನ ಬೋರ್ಡುಗಳನ್ನು ನಾನೇ ಓದಿ ಹೇಳುತ್ತ, ಕಣ್ಣು ಮಾತ್ರ ಹುಡುಕುತ್ತ. ತುಂಗಮ್ಮನವರ ಕೋಣೆಯಲ್ಲಿ ಕೂತಿರಬಹುದು ಅಂದುಕೊಂಡೆ. ಆಮೇಲೆ ಓಣಿಯಲ್ಲಿ ಹೊಗೆಯ ವಾಸನೆ ಬಂತು. ಮುಂದೆ ಜನ ಗುಂಪುಗಟ್ಟಿದ್ದರು.

ಅವ್ವ ಒಲೆಯ ಮುಂದೆ ಕೂತಿದ್ದಳು. ಮೊಣಕಾಲು ಮಡಚಲು ಆಗದವಳು ನೆಲದ ಮೇಲೆ. ಯಾವುದೋ ಹಳೇ ಚೌಕಳಿ ಸೀರೆ, ಮಂಡಿಯತನಕ ಎತ್ತಿ ಕಟ್ಟಿಸಿದ್ದರು. ತಲೆಯ ಮೇಲೆ ಗೊರಬು. ನವೆಂಬರಿನ ಬಿಸಿಲಿನಲ್ಲಿ, ಅಡುಗೆಮನೆಯ ಒಳಗೆ, ಒಲೆಯ ಮುಂದೆ, ಗದ್ದೆ ನಾಟಿಯ ಮಳೆಗೆ ಹಾಕುವ ಗೊರಬು! ಅಷ್ಟಾದರೂ ಬುದ್ಧಿ ಬೇಡವಾ. ಪಕ್ಕದಲ್ಲಿ ರುಬ್ಬುವ ಕಲ್ಲು. ಹಿಂದಿನ ಗೋಡೆಯ ಮೇಲೆ ನನ್ನ ಬೋರ್ಡು, ಹೂವಿನ ಹಾರ ಬೇರೆ. ಕೆಳಗೆ ಬಾಣದ ಗುರುತು ಮಾಡಿ ಹೊಸದಾಗಿ ಒಂದು ಚೀಟಿ ಅಂಟಿಸಿದ್ದರು: 'ಇವರೇ ಭಾಗಮ್ಮ. ಫೋಟೋ ತೆಗೆಯಬಹುದು'.

ಒಬ್ಬ ಕ್ಯಾಮೆರಾದವನು, "ಅಮ್ಮ, ಇನ್ನೊಂದ್ಸಲ ಊದಿ, ಹೊಗೆ ಬರ್ಲಿಲ್ಲ" ಅಂದ. ಅವ್ವ ಊದುಕೊಳವೆ ತಗೊಂಡು ಊದಿದಳು. ಕೆಮ್ಮಿದಳು. ಜನ ನಕ್ಕರು, ಕೆಟ್ಟದಾಗಿಯೇನಲ್ಲ. ಅದೇ ಹೊಟ್ಟೆ ಉರಿಯುವುದು, ಎಲ್ಲರೂ ಪ್ರೀತಿಯಿಂದಲೇ ನಗುತ್ತಿದ್ದರು.

ನನ್ನ ಮಕ್ಕಳು ಮುಂದೆ ನುಗ್ಗಿದರು. ಬೆಳಿಗ್ಗೆ ಹೆಸರು ಕೇಳಿದ್ದ ಅದೇ ಹುಡುಗಿ, ಬೋರ್ಡು ಗಟ್ಟಿಯಾಗಿ ಓದಿ, ಹೆಸರು ಸಿಕ್ಕಿತು ಮಿಸ್ ಅಂದಳು. ಇವರು ನಿಮಗೆ ಗೊತ್ತಾ ಅಂದಳು. ಅವ್ವ ಆಗ ತಲೆ ಎತ್ತಿದಳು. ನಾನು ಅಂದೆ, "ಇವರು ನಮ್ಮವ್ವ."

ಮಕ್ಕಳು ನನ್ನನ್ನು ನೋಡುತ್ತಾರೆ, ಅವ್ವನನ್ನು ನೋಡುತ್ತಾರೆ. ಗೊರಬಿನ ಕೆಳಗೆ ಅವ್ವನ ಮುಖದಲ್ಲಿ ನಾನು ಎಂದೂ ಕಾಣದ ಗಾಬರಿ. ಆಮೇಲೆ ನಕ್ಕಳು. ಆ ನಗು ನನಗೆ ಗೊತ್ತು, ಬಂಗಲೆಯವರ ಮುಂದೆ ನಗುವ ನಗು.

"ಇಲ್ಲ ಕಣ್ರವ್ವ. ಟೀಚ್ರಮ್ಮ ದೊಡ್ಡ ಮನಸ್ಸಿನವ್ರು. ಪ್ರೀತಿಗೆ ಹಂಗಂತಾರೆ."

ಟೀಚ್ರಮ್ಮ.

ಮಕ್ಕಳು ನಿರಾಳವಾಗಿ ನಕ್ಕರು. ಆ ಹುಡುಗಿ ಚಪ್ಪಾಳೆ ತಟ್ಟಿದಳು. ಅವ್ವ ಮತ್ತೆ ಒಲೆಯ ಕಡೆ ತಿರುಗಿದಳು.

ನಿಖಿಯನ್ನು ಸೌದೆ ಕೊಟ್ಟಿಗೆಯ ಹತ್ತಿರ ಎಳೆದುಕೊಂಡು ಹೋದೆ. ಏನೇನು ಅಂದೆನೋ ನೆನಪಿಲ್ಲ. ಅವಳು ಮೊದಲು ಸಮಾಧಾನ ಮಾಡಿದಳು, ಆಮೇಲೆ ಅವಳಿಗೂ ಸಿಟ್ಟು ಬಂತು. ಬೋರ್ಡಲ್ಲಿ ಭಾಗಮ್ಮನ ಹೆಸರು ಇರಬೇಕು ಅಂದಿದ್ದು ನೀನೇ ತಾನೆ ಅಂದಳು. ಹೆಸರು ಹಾಕು ಅಂದೆ, ಹೆಸರಿನ ಕೆಳಗೆ ಅವ್ವನ್ನ ಕೂರ್ಸು ಅನ್ನಲಿಲ್ಲ ಅಂದೆ. ಆಗ ಹೇಳಿದಳು.

"ನಾನು ಬಲವಂತ ಮಾಡ್ಲಿಲ್ಲ ಸುಕನ್ಯಾ. ಹದಿನೈದು ದಿನದ ಹಿಂದೆ ಲೈನಿಗೆ ಹೋಗಿ ಕೇಳಿದೆ. ದೀಪ ಹಚ್ತೀರಾ, ಇಲ್ಲ ಅಡಿಗೆಮನೇಲಿ ಕೂರ್ತೀರಾ ಅಂತ. ಅಡಿಗೆಮನೆ ಅಂದ್ರು. ನಿಂಗೆ ಹೇಳ್ಬಾರ್ದು ಅಂತ ಅವ್ರೇ ಅಂದಿದ್ದು."

ಸೀರೆ ಉಡಿಸಿದ್ದು ತುಂಗಮ್ಮನವರಂತೆ. ಸೌದೆ ಒಡೆದಿಟ್ಟಿದ್ದು ಧರ್ಮೇಶ. ಬೋರ್ಡಿಗೆ ಚೀಟಿ ಅಂಟಿಸಿದ್ದು ಹೋಂಸ್ಟೇಯವರು. ಎಲ್ಲರಿಗೂ ಗೊತ್ತು. ಇಡೀ ಲೈನಿಗೇ ಗೊತ್ತಿತ್ತೋ ಏನೋ. ಸೀರೆ ಕೊಂಡು, ಬಸ್ಸು ಹತ್ತಿ, ಮೇಣದ ಬತ್ತಿ ಹಿಡಿಯುವುದು ಹೇಗೆ ಅಂತ ತೋರಿಸಿದವಳು ಒಬ್ಬಳೇ ಹುಚ್ಚಿ.

ಮಕ್ಕಳನ್ನು ಬಸ್ಸಿಗೆ ಹತ್ತಿಸಿ ನಡೆದೇ ಬಂದೆ.

ನವೆಂಬರ್ 27, ಸೋಮವಾರ

ರಜೆ ಹಾಕಿದೆ.

ನವೆಂಬರ್ 29, ಬುಧವಾರ

ಧರ್ಮೇಶ ಬಂದಿದ್ದ. ಹಲಸಿನ ಹಪ್ಪಳ ತಂದಿದ್ದ, ಅವ್ವ ಕಳಿಸಿದ್ದು. ಒಳಗೆ ಇಡಬೇಡ ಅಂದೆ. ಹೊಸಿಲ ಮೇಲೆ ಇಟ್ಟ.

ಇರುವೆಯನ್ನ ಆನೆ ಮಾಡ್ಬೇಡ ಅಕ್ಕ ಅಂದ. ಬಂದವರಿಗೆಲ್ಲ ಅಡುಗೆಮನೆಯೇ ತುಂಬ ಇಷ್ಟವಾಯಿತಂತೆ. ಹೋಂಸ್ಟೇಗೆ ಬರುವವರಿಗೆ ಇನ್ನು ಪ್ರತಿ ಭಾನುವಾರ ಅವ್ವನ ಒಲೆ, ಅವ್ವನ ಅಕ್ಕಿರೊಟ್ಟಿ. ಅವ್ವ ಒಪ್ಪಿದ್ದಾಳೆ. ನಿಮ್ಮಿಬ್ಬರಿಗೂ ನಾಚಿಕೆ ಆಗಲ್ವಾ ಅಂದೆ. ಅವನಿಗೂ ರೇಗಿತು. ನಾಚಿಕೆ ಎಂತಕ್ಕೆ, ಮೊದಲು ಮಾಡ್ತಿದ್ದ ಕೆಲಸ ತಾನೆ, ಆಗ ಯಾರೂ ನೋಡ್ತಿರ್ಲಿಲ್ಲ, ಈಗ ನೋಡ್ತಾರೆ ಅಂದ. ನೀನೂ ಅದೇ ಒಲೆಯ ಅನ್ನ ತಿಂದೇ ಟೀಚರ್ ಆಗಿದ್ದು, ಉಂಡ ಮನೆಗೆ ಎರಡು ಬಗೀಬೇಡ ಅಂತಲೂ ಅಂದ.

ಎರಡು ಬಗೆದದ್ದು ನಾನಂತೆ!

ಬಾಗಿಲು ಹಾಕಿಕೊಂಡೆ. ಅವನು ಹೋದ ಮೇಲೆ ಹಪ್ಪಳ ಒಳಗೆ ತಂದಿಟ್ಟೆ. ಇರುವೆ ಹತ್ತುತ್ತೆ ಅಂತ.

ಡಿಸೆಂಬರ್ 3, ಭಾನುವಾರ

ನಿಖಿ ಎರಡು ಸಲ ಫೋನ್ ಮಾಡಿದಳು. ತೆಗೆಯಲಿಲ್ಲ. ಈ ಹೊತ್ತಿಗೆ ಅವ್ವ ಒಲೆ ಊದುತ್ತಿರುತ್ತಾಳೆ.

ಡಿಸೆಂಬರ್ 9, ಶನಿವಾರ

ಲೈನಿಗೆ ಹೋಗಿದ್ದೆ. ಜಗಳಕ್ಕೇ ಹೋದದ್ದು, ಸುಳ್ಳು ಯಾಕೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡು ಹೋಗಿದ್ದೆ.

ಕಾಫಿ ಹಣ್ಣಿನ ಕೊಯ್ಲು ಶುರುವಾಗಿದೆ. ಲೈನಿನಲ್ಲಿ ಅವ್ವ ಮತ್ತು ಎರಡು ಕೋಳಿ ಬಿಟ್ಟರೆ ಯಾರೂ ಇಲ್ಲ. ಅವ್ವ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಕೊಡುತ್ತಿದ್ದಳು. ನೆಲದ ಮೇಲೆ ಕೂತ ಫಲ. ನಾನು ಗಂಟನ್ನು ಕಿತ್ತುಕೊಂಡು ನಾನೇ ಒತ್ತಿದೆ. ಒತ್ತುತ್ತಲೇ ಬೈದೆ. ಮೂವತ್ತು ವರ್ಷ ದುಡಿದದ್ದು ಸಾಲದಾ, ಈಗ ಗೊಂಬೆ ಕೂರಿಸಿದ ಹಾಗೆ ಕೂರಬೇಕಾ, ಒಂದು ದಿನ, ಒಂದೇ ಒಂದು ದಿನ ಮುಂದಿನ ಬಾಗಿಲಿಂದ ಹೋಗಲು ನಿನಗೆ ಎಂತ ಆಗಿತ್ತು?

ಅವ್ವ ಕೋಳಿಗೆ ಹೇಳುವವಳ ಹಾಗೆ ಆ ಕಡೆ ನೋಡಿಕೊಂಡು ಶುರು ಮಾಡಿದಳು. ಆ ಹಾಲಿನಲ್ಲಿ ಅಷ್ಟು ದೊಡ್ಡವರ ಮಧ್ಯೆ ಕಾಲು ಎಲ್ಲಿಡಬೇಕು ಅಂತ ಗೊತ್ತಾಗದಿಲ್ಲ ಅಂದಳು. ಕೈ ನಡುಗಿ ಬತ್ತಿ ಬಿದ್ದರೆ ನಗುತ್ತಾರೆ, ನನಗಲ್ಲ, ನಿನಗೆ. ಒಲೆ ಮುಂದೆ ಆದರೆ ಯಾರೂ ನಂಗೆ ಹೇಳಿಕೊಡಬೇಕಾಗಿಲ್ಲ. ಮೊಣಕಾಲು ನೋಯುತ್ತೆ ಅಷ್ಟೆ.

ಹಾಗಾದರೆ ಮಕ್ಕಳೆದುರು ಯಾಕೆ ಹಾಗಂದೆ ಅಂತ ಕೇಳಿದೆ. ನಾನು ನಿನ್ನ ಮಗಳಲ್ಲ ಅಂತ ಹೇಗೆ ಬಾಯಿ ಬಂತು.

"ಆ ವೇಸದಲ್ಲಿ ನಿನ್ನವ್ವ ಅಂತ ಹೆಂಗೆ ಹೇಳ್ಕಳ್ಲಿ? ನಾಳೆ ನಿನ್ನ ಮಾತು ಕ್ಲಾಸಲ್ಲಿ ಯಾರು ಕೇಳ್ತಾರೆ? ನೀನು ಬರೋದ್ರೊಳಗೆ ಎದ್ದು ಬರ್ಬೇಕು ಅಂತಿದ್ದೆ. ಫೋಟದವ್ರು ಬಿಡ್ಲಿಲ್ಲ."

ನನಗೆ ಹೇಳಬಹುದಿತ್ತಲ್ಲ ಅವ್ವ, ನಿಖಿತಾಗೆ ಹೇಳಿದ್ದನ್ನ ನನಗೆ ಹೇಳಬಾರದಿತ್ತಾ, ನಾನು ಅಷ್ಟೂ ಬೇರೆಯವಳಾದೆನಾ — ಇದನ್ನೆಲ್ಲ ಕೂಗಿಯೇ ಹೇಳಿದೆ. ಕೋಳಿಗಳು ಎದ್ದು ಹೊರಗೆ ಹೋದವು.

ಅವ್ವ ನನ್ನ ಕೈಯಿಂದ ಗಂಟು ವಾಪಸ್ ತಗೊಂಡಳು. ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಿಖಿತಮ್ಮ ಕೇಳಿದ್ರು ಕಣೆ. ನೀನು ಕೇಳ್ಲಿಲ್ಲ. ನೀನು ಹೇಳ್ದೆ ಅಷ್ಟೆ."

ಅದಕ್ಕೆ ಉತ್ತರಗಳು ಇದ್ದವು, ಬೇಕಾದಷ್ಟಿದ್ದವು. ನಿಖಿತಾ ಕೇಳಿದ್ದು ತನ್ನ ಲಾಭಕ್ಕೆ. ಬಂಗಲೆಯವರು ಕೇಳಿದರೆ ಆಗಲ್ಲ ಅಂತ ಅವ್ವ ಯಾವತ್ತು ಅಂದಿದ್ದಾಳೆ? ಅದೊಂದು ಕೇಳಿದ್ದಾ? ನಾನು ಹೇಳಿದ್ದು ಅವ್ವನಿಗೋಸ್ಕರ. ಅವ್ವ ಅನ್ನಕ್ಕೆ ಇಟ್ಟಳು. ಉಣ್ಣದೆ ಬರಲಿಕ್ಕಾಗಲಿಲ್ಲ. ನಾಳೆ ಬಂಗಲೆಗೆ ಹೋಗಬೇಡ ಅನ್ನೋಣ ಅಂತ ನಾಲ್ಕು ಸಲ ಬಾಯಿ ತೆರೆದೆ. ಅದೂ ಕೇಳಿದ ಹಾಗಲ್ಲ, ಹೇಳಿದ ಹಾಗೇ ಆಗುತ್ತಲ್ಲ.

ಡಿಸೆಂಬರ್ 12, ಮಂಗಳವಾರ

ಸ್ಟಾಫ್ ರೂಮಿನಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಪೀರಿಯಡ್ ಬಿಡುವು.

ಯಾವುದೋ ಪೇಪರಿನವರು ಅವ್ವನ ಫೋಟೋ ಹಾಕಿದ್ದಾರೆ. ಕಲರ್. ಗೊರಬು, ಊದುಕೊಳವೆ, ಹೊಗೆ. ಓಂಕಾರಪ್ಪ ಹೆಡ್‌ಮಾಸ್ಟ್ರು ನೋಟಿಸ್ ಬೋರ್ಡಿಗೆ ಹಾಕಿಸಿದರು, ನಮ್ಮ ಶಾಲೆಯ ಹೆಮ್ಮೆ ಅಂತ — ಬೋರ್ಡು ಬರೆದವಳು ನಾನಲ್ಲವೇ. ಕೆಳಗೆ ನನ್ನ ಹೆಸರೂ ಇದೆ. ಬೇರೆ ಬೇರೆ ಸಾಲಿನಲ್ಲಿ ನಾವಿಬ್ಬರೂ.

ಒಂಬತ್ತನೇ ಕ್ಲಾಸಿನ ಆ ಹುಡುಗಿ ಈಗ ಬಂದಿದ್ದಳು. ಪ್ರಾಜೆಕ್ಟಿಗೆ ಅಂಟಿಸಲು ಫೋಟೋ ಕತ್ತರಿಸಿಕೊಂಡಿದ್ದಾಳೆ. ಜೋಪಾನವಾಗಿ, ಅಂಚು ಸ್ವಲ್ಪವೂ ಹರಿಯದ ಹಾಗೆ. ಎಲ್ಲರೂ ಹೋಗುವತನಕ ಬಾಗಿಲ ಹತ್ತಿರ ಕಾದಿದ್ದು, ಸಣ್ಣ ದನಿಯಲ್ಲಿ ಕೇಳಿದಳು, "ಮಿಸ್, ಅವತ್ತು ನೀವು ತಮಾಷೆಗೆ ಹೇಳಿದ್ದಲ್ಲ ಅಲ್ವಾ? ಅವ್ರ ಮೂಗು ನಿಮ್ದೇ ತರ ಇದೆ."

ಹೌದು ಅಂದರೆ ನಲವತ್ತು ಮಕ್ಕಳ ಮುಂದೆ ಅವ್ವ ಸುಳ್ಳು ಹೇಳಿದ ಹಾಗಾಗುತ್ತೆ. ಅಷ್ಟೆಲ್ಲ ಕಷ್ಟಪಟ್ಟು ಹೇಳಿದ ಸುಳ್ಳು.

ಅಲ್ಲಮ್ಮ ಅಂದೆ. ತಮಾಷೆಗೇ ಹೇಳಿದ್ದು.

ಅವಳು ನಂಬಲಿಲ್ಲ. ಆದರೂ ಆಯ್ತು ಮಿಸ್ ಅಂತ ಹೋದಳು. ನಾನು ಕೂತೇ ಇದ್ದೇನೆ. ಸಿಟ್ಟು ಹಾಗೇ ಇದೆ, ಕಮ್ಮಿಯಾಗಿಲ್ಲ. ನಿಖಿತಾ ಮೇಲೆ. ಧರ್ಮೇಶನ ಮೇಲೆ. ಅವ್ವನ ಮೇಲೂ, ಹೌದು. ಆಮೇಲೆ ಈಗ ಬಾಗಿಲಲ್ಲಿ ನಿಂತ ಆ ಮಗುವಿಗೆ ಅಲ್ಲ ಅಂದೆನಲ್ಲ, ಅದನ್ನು ಅಂದವಳ ಮೇಲೂ.